ರಕ್ತನಾಳದ ಪೆಟ್ಟು ಅಳೆಯಲು ಯಾವ ಪರೀಕ್ಷೆ: ಡಿ-ಡೈಮರ್, ವಿಡಬ್ಲ್ಯೂಎಫ್, ಆಂಜಿಯೋಪೊಯಟಿನ್-2

ಕೋವಿಡ್, ಫ್ಲೂ ಜೋರಾದಾಗ ಪೆಟ್ಟು ಶ್ವಾಸಕೋಶಕ್ಕೆ ಮಾತ್ರ ಬೀಳುವುದಿಲ್ಲ. ರಕ್ತನಾಳದ ಒಳಪದರವೂ ಹಾಳಾಗುತ್ತದೆ. ಯಾರಿಗೆ ಕಾಯಿಲೆ ಜಾಸ್ತಿಯಾಗಬಹುದು ಎಂದು ಊಹಿಸಲು ಯಾವುದನ್ನು ಅಳೆಯಬೇಕು?

ಡಿ-ಡೈಮರ್ (ರಕ್ತದ ಹೆಪ್ಪು ಕರಗಿದಾಗ ಉಳಿಯುವ ಪ್ರೋಟೀನ್ ಚೂರು) ಅಳೆಯುವುದು ಸುಲಭ. ಬಹುತೇಕ ಲ್ಯಾಬ್‌ಗಳಲ್ಲಿ ಆಗುತ್ತದೆ, ಫಲಿತಾಂಶವೂ ಬೇಗ ಸಿಗುತ್ತದೆ. ಆದರೆ ಅದು ಹೇಳುವುದು ಹೆಪ್ಪು ಕಟ್ಟಿ ಕರಗುತ್ತಿದೆ ಎಂದಷ್ಟೇ. ವಯಸ್ಸಾದರೆ, ಗರ್ಭಿಣಿಯಾದರೆ, ಆಪರೇಷನ್ ಆಗಿದ್ದರೆ ಸುಮ್ನೆ ಏರಿರುತ್ತದೆ.

ಆಂಜಿಯೋಪೊಯಟಿನ್-2 ಎಂಬ ಪ್ರೋಟೀನ್ ಬೇರೆ ಥರ. ಒಳಪದರದ ಜೀವಕೋಶಗಳು ಇದನ್ನು ಸಣ್ಣ ಚೀಲಗಳಲ್ಲಿ ತುಂಬಿಟ್ಟುಕೊಂಡಿರುತ್ತವೆ. ಪೆಟ್ಟು ಬಿದ್ದಾಗ ಹೊರಗೆ ಬಿಡುತ್ತವೆ. ಆಗ ಕೋಶಗಳ ನಡುವಿನ ಬೆಸುಗೆ ಸಡಿಲವಾಗಿ, ನೀರು ಶ್ವಾಸಕೋಶಕ್ಕೆ ಸೋರುತ್ತದೆ. ಅಂದರೆ ಇದು ಹಾನಿಯ ಗುರುತಷ್ಟೇ ಅಲ್ಲ, ಹಾನಿಗೆ ಕಾರಣವೂ ಹೌದು. ನನಗೆ ಇದರ ಮೇಲೆ ಹೆಚ್ಚು ಭರವಸೆ ಇರುವುದು ಅದಕ್ಕೇ. ತೊಡಕೆಂದರೆ, ಇದು ಇನ್ನೂ ಹೆಚ್ಚಾಗಿ ಸಂಶೋಧನೆಯ ಲ್ಯಾಬ್‌ಗಳಲ್ಲೇ ಇದೆ. ಸೆಪ್ಸಿಸ್ (ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ ತಪ್ಪಿ ಅಂಗಗಳು ಹಾಳಾಗುವ ಸ್ಥಿತಿ), ಹೃದಯ ವೈಫಲ್ಯದಲ್ಲೂ ಏರುತ್ತದೆ.

ವಿಡಬ್ಲ್ಯೂಎಫ್ (ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್, ರಕ್ತ ಹೆಪ್ಪುಗಟ್ಟಲು ನೆರವಾಗುವಂಥದ್ದು) ಕೂಡ ಅದೇ ಚೀಲಗಳಿಂದ ಬರುವ ಪ್ರೋಟೀನ್. ಆದರೆ ಓ ಗುಂಪಿನ ರಕ್ತದವರಲ್ಲಿ ಇದರ ಮಟ್ಟ ಸುಮಾರು 25% ಕಡಿಮೆ ಇರುತ್ತದೆ. ರಕ್ತದ ಗುಂಪು ನೋಡದೆ ಓದಿದರೆ ತಪ್ಪಾಗುತ್ತದೆ, ಅಲ್ವಾ?

ವಾರ್ಡ್‌ನಲ್ಲಿ ಇವತ್ತೇ ನಿರ್ಧಾರ ಬೇಕಿದ್ದರೆ ಡಿ-ಡೈಮರ್ ತೆಗೆದುಕೊಳ್ಳಿ, ಆಮ್ಲಜನಕದ ಮಟ್ಟ ಮತ್ತು ಉಸಿರಾಟದ ವೇಗದ ಜೊತೆಗಿಟ್ಟು ಓದಿ. ಅಧ್ಯಯನ ರೂಪಿಸುತ್ತಿದ್ದರೆ ಆಂಜಿಯೋಪೊಯಟಿನ್-2 ಬಿಡಬೇಡಿ. ಒಂದೇ ಸಲ ಅಳೆದು ನಿಲ್ಲಿಸದೆ, ಎರಡು ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ.