ಒಂದೇ ವಾರದಲ್ಲಿ ಪೇಪರ್ ಒಪ್ಪಿಕೊಳ್ಳುವ ಸರ್ಜರಿ ಜರ್ನಲ್‌ಗಳಿಂದ ದೂರ ಇರಿ

ಸರ್ಜರಿಯಲ್ಲಿ ಪಿಜಿ ಮಾಡುತ್ತಿರುವವರು, ಹೊಸದಾಗಿ ಅಸಿಸ್ಟೆಂಟ್ ಪ್ರೊಫೆಸರ್ ಆದವರು ದಯವಿಟ್ಟು ಇದನ್ನು ಪೂರ್ತಿ ಓದಿ. "ಮಾನ್ಯ ವೈದ್ಯರೇ, ನಿಮ್ಮ ಅಮೂಲ್ಯ ಸಂಶೋಧನೆಯನ್ನು ನಮ್ಮ ಅಂತರರಾಷ್ಟ್ರೀಯ ಸರ್ಜರಿ ಜರ್ನಲ್‌ಗೆ ಕಳಿಸಿಕೊಡಿ" ಅಂತ ನಿಮಗೂ ಮೇಲ್ ಬಂದೇ ಬರುತ್ತದೆ. ಅಂಥ ಒಂದು ಜರ್ನಲ್ ನಮ್ಮ ಪೇಪರನ್ನು ನುಂಗಿ ಕೂತಿದೆ. ನಮ್ಮನ್ನು ನಂಬಿದ ಒಬ್ಬ ರೋಗಿಯ ಹೆಸರನ್ನೂ ಬೀದಿಗೆ ತಂದಿತ್ತು.

ಪೇಪರ್ ಇದ್ದದ್ದು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ಬಗ್ಗೆ. ಜಿಲ್ಲಾ ಕೇಂದ್ರದ ಯಾವ ಮೆಡಿಕಲ್ ಕಾಲೇಜಿನ ಸರ್ಜರಿ ವಾರ್ಡಿಗೆ ಹೋದರೂ ಈ ರೋಗಿಗಳು ಸಿಗುತ್ತಾರೆ. ಹೊಲದಲ್ಲಿ ಬರಿಗಾಲಲ್ಲಿ ಓಡಾಡುತ್ತಾರೆ, ಶುಗರ್‌ನಿಂದ ನರ ಸತ್ತು ಸ್ಪರ್ಶವೇ ಇರುವುದಿಲ್ಲ, ಮುಳ್ಳು ಚುಚ್ಚಿದ್ದು ಕೀವಾದ ಮೇಲೆ ಗೊತ್ತಾಗುತ್ತದೆ. ಹುಣ್ಣಿಗೆ ವ್ಯಾಕ್ ಡ್ರೆಸಿಂಗ್, ಅಂದರೆ ಹುಣ್ಣನ್ನು ಗಾಳಿಯಾಡದಂತೆ ಮುಚ್ಚಿ ಒಳಗಿನ ಕೀವು, ನೀರು ಹೀರಿ ತೆಗೆಯುವ ಡ್ರೆಸಿಂಗ್, ಹಾಕಿದರೆ ಒಳ್ಳೆಯದು, ಆದರೆ ಕಂಪನಿಯ ಮಷೀನು, ಕಿಟ್ಟು ನಮ್ಮ ರೋಗಿಗಳ ಕೈಗೆ ಎಟುಕುವಂಥದ್ದಲ್ಲ. ಅದಕ್ಕೆ ಸ್ಟೆರೈಲ್ ಮಾಡಿದ ಸ್ಪಂಜು, ಮೂಗಿನಿಂದ ಹೊಟ್ಟೆಗೆ ಹಾಕುವ ಒಂದು ರೈಲ್ಸ್ ಟ್ಯೂಬು, ಮೇಲೆ ಅಂಟುವ ಪ್ಲಾಸ್ಟಿಕ್ ಹಾಳೆ, ವಾರ್ಡಿನ ಗೋಡೆಯಲ್ಲಿರುವ ಸಕ್ಷನ್ (ಹೀರುವ) ಪಾಯಿಂಟು, ಇಷ್ಟರಲ್ಲೇ ಅದನ್ನು ಮಾಡಿ, ಮಾಮೂಲಿ ಸಲೈನ್ ಡ್ರೆಸಿಂಗ್ ಜೊತೆ ಹೋಲಿಸಿ ನೋಡಿದೆವು.

ಈ ಕೆಲಸದ ಹೆಚ್ಚಿನ ಭಾರ ಹೊತ್ತವಳು ನಮ್ಮ ಯೂನಿಟ್ಟಿನ ಪಿಜಿ. ಡ್ರೆಸಿಂಗ್ ಬಿಚ್ಚಿದಾಗಲೆಲ್ಲ ಹುಣ್ಣಿನ ಮೇಲೆ ಪಾರದರ್ಶಕ ಹಾಳೆ ಇಟ್ಟು, ಮಾರ್ಕರ್‌ನಲ್ಲಿ ಅಂಚು ಬರೆದುಕೊಂಡು, ಆಮೇಲೆ ಅದನ್ನು ಗ್ರಾಫ್ ಹಾಳೆ ಮೇಲಿಟ್ಟು ಒಂದೊಂದೇ ಚೌಕ ಎಣಿಸುತ್ತಿದ್ದಳು. ರಾತ್ರಿ ಡ್ಯೂಟಿ ಮುಗಿಸಿ ಕಣ್ಣು ಕೆಂಪಗಿದ್ದರೂ ಎಣಿಸುತ್ತಿದ್ದಳು. ಎಥಿಕ್ಸ್ ಕಮಿಟಿ ಅನುಮತಿ ಇತ್ತು. ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಸಿಟಿಆರ್‌ಐನಲ್ಲಿ, ಅಂದರೆ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ, ದಾಖಲೂ ಮಾಡಿದ್ದೆವು. 2018ರ ಏಪ್ರಿಲ್‌ನಿಂದ ಈಚೆಗೆ, ಟ್ರಯಲ್ ಶುರುವಾದ ಮೇಲೆ ಅಲ್ಲಿ ದಾಖಲಿಸಲು ಬರುವುದಿಲ್ಲ.

ಮೇಲ್ ಬಂದದ್ದು ನಾವು ಒಂದು ಸಮ್ಮೇಳನದಲ್ಲಿ ಈ ವಿಷಯ ಮಂಡಿಸಿ ಬಂದ ಸ್ವಲ್ಪ ದಿನಕ್ಕೆ. ಪೇಪರಿನ ಶೀರ್ಷಿಕೆಯನ್ನೇ ಹಾಕಿ ಹೊಗಳಿದ್ದರು. ವೆಬ್‌ಸೈಟು ಚೆನ್ನಾಗಿಯೇ ಇತ್ತು. ಪತ್ರಿಕೆಗಳಿಗೆ ಕೊಡುವ ಐಎಸ್‌ಎಸ್‌ಎನ್ ನಂಬರು, ಜರ್ನಲ್‌ನ ಪೇಪರ್‌ಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅಂತ ಹೇಳುವ ಇಂಪ್ಯಾಕ್ಟ್ ಫ್ಯಾಕ್ಟರ್, ಪೇಪರ್‌ಗಳನ್ನು ಹುಡುಕುವ ಪಬ್‌ಮೆಡ್ ಮತ್ತು ಸ್ಕೋಪಸ್ ಪಟ್ಟಿಗಳ ಲೋಗೋ, ಸಂಪಾದಕ ಮಂಡಳಿಯಲ್ಲಿ ದೊಡ್ಡ ದೊಡ್ಡ ಪ್ರೊಫೆಸರ್‌ಗಳ ಹೆಸರು, ಎಲ್ಲ ಇತ್ತು. ಕಳಿಸಲು ಕೇಳಿದ್ದು ಒಂದು ವರ್ಡ್ ಫೈಲು ಮತ್ತು ಫೋನ್ ನಂಬರು, ಅಷ್ಟೇ.

ಒಂದು ವಾರವೂ ಕಳೆದಿರಲಿಲ್ಲ, ಪೇಪರ್ ಸ್ವೀಕೃತವಾಗಿದೆ ಅಂತ ಪತ್ರ ಬಂತು. ಗುಂಡಗಿನ ಸೀಲು, ಸಹಿ, ಜೊತೆಗೆ ಬಿಲ್ಲು. ಇಬ್ಬರು ರಿವ್ಯೂವರ್‌ಗಳ ಅಭಿಪ್ರಾಯ ಅಂತ ಒಂದು ಫಾರ್ಮ್ ಇತ್ತು. ಎಲ್ಲ ಚೌಕಕ್ಕೂ ಟಿಕ್ ಹಾಕಿ, ಕೆಳಗೆ "ಲ್ಯಾಪ್ರೊಸ್ಕೋಪಿ ವಿಧಾನವನ್ನು ಚೆನ್ನಾಗಿ ವಿವರಿಸಿದ್ದಾರೆ" ಅಂತ ಬರೆದಿದ್ದರು. ಕಾಲಿನ ಹುಣ್ಣಿನ ಪೇಪರಿನಲ್ಲಿ, ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ಮಾಡುವ ಲ್ಯಾಪ್ರೊಸ್ಕೋಪಿ ಎಲ್ಲಿಂದ ಬಂತು? ಬೇರೆ ಯಾರದೋ ಪೇಪರಿಗೆ ಬರೆದದ್ದನ್ನು ನಮಗೂ ಅಂಟಿಸಿದ್ದರು. ಪೇಪರನ್ನು ಒಬ್ಬರೂ ಓದಿರಲಿಲ್ಲ.

ಇದು ನಮ್ಮೊಬ್ಬರ ಕಥೆ ಅಲ್ಲ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕಂತಲೇ ತಪ್ಪು ತುಂಬಿದ ಒಂದು ಸುಳ್ಳು ಪೇಪರ್ ತಯಾರಿಸಿ, ಲೇಖಕರಿಂದ ದುಡ್ಡು ತೆಗೆದುಕೊಂಡು ಓದುಗರಿಗೆ ಪುಕ್ಕಟೆ ಕೊಡುವ 304 ಓಪನ್ ಆಕ್ಸೆಸ್ ಜರ್ನಲ್‌ಗಳಿಗೆ ಕಳಿಸಿದ್ದರು. ಕಲ್ಲುಹೂವಿನಿಂದ ತೆಗೆದ ರಾಸಾಯನಿಕ ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಅಂತ ಅದರಲ್ಲಿತ್ತು. 157 ಜರ್ನಲ್‌ಗಳು ಒಪ್ಪಿಕೊಂಡವು. ಸೈನ್ಸ್ ಪತ್ರಿಕೆಯಲ್ಲಿ ಇದು ಪ್ರಕಟವಾಗಿ ದೊಡ್ಡ ಸುದ್ದಿಯಾಯಿತು. ಆದರೂ ಈ ದಂಧೆ ನಿಂತಿಲ್ಲ.

ನಾವು ದುಡ್ಡು ಕೊಡಲಿಲ್ಲ. ಕಾಪಿರೈಟ್ ಫಾರ್ಮಿಗೆ ಸಹಿಯನ್ನೂ ಹಾಕಲಿಲ್ಲ. ಪೇಪರ್ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಬರೆದೆವು. ಅದಕ್ಕೆ ಬಂದ ಉತ್ತರ: ವಾಪಸಾತಿ ಶುಲ್ಕ ಕಟ್ಟಿ. ಕೆಲವೇ ದಿನದಲ್ಲಿ ಪೇಪರನ್ನು ಆನ್‌ಲೈನ್ ಹಾಕಿಬಿಟ್ಟರು. ಪ್ರಕಟಣೆಗೆ ಮುಂಚೆ ಲೇಖಕರು ತಿದ್ದಿ ನೋಡುವ ಪ್ರೂಫ್ ತೋರಿಸಿರಲಿಲ್ಲ. ಟೇಬಲ್‌ಗಳಲ್ಲಿ ಪ್ಲಸ್ ಮೈನಸ್ ಚಿಹ್ನೆ ಹಾರಿಹೋಗಿ, ಸರಾಸರಿಯೂ ಸ್ಟ್ಯಾಂಡರ್ಡ್ ಡೀವಿಯೇಷನ್ನೂ ಅಂಟಿಕೊಂಡು ಅರ್ಥವಿಲ್ಲದ ಒಂದೇ ಸಂಖ್ಯೆ ಆಗಿತ್ತು. ಅಷ್ಟು ಚೌಕ ಎಣಿಸಿದ ಹುಡುಗಿ ಅದನ್ನು ನೋಡಿ ಅತ್ತಳು.

ಅದಕ್ಕಿಂತ ಘೋರವಾದದ್ದು ಫೋಟೋದಲ್ಲಿತ್ತು. ಹುಣ್ಣಿನ ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಸ್ಕೇಲು, ಹೆಸರು ಮತ್ತು ಐಪಿ (ಒಳರೋಗಿ) ನಂಬರ್ ಬರೆದ ಚೀಟಿ ಇಡುವುದು ಹಲವು ಕಡೆ ರೂಢಿ. ಪೇಪರಿನಲ್ಲಿ ಆ ಚೀಟಿಯನ್ನು ಕ್ರಾಪ್ ಮಾಡಲಾಗಿತ್ತು. ಆದರೆ ವರ್ಡ್‌ನಲ್ಲಿ ಕ್ರಾಪ್ ಮಾಡಿದ ಭಾಗ ಅಳಿದು ಹೋಗುವುದಿಲ್ಲ, ಸುಮ್ನೆ ಮರೆಯಾಗಿರುತ್ತದೆ. ಅವರು ಫೈಲಿನಿಂದ ಮೂಲ ಚಿತ್ರವನ್ನೇ ಎಳೆದು ಹಾಕಿದ್ದರು. ರೋಗಿಯ ಹೆಸರು ಜಗತ್ತಿಗೇ ಕಾಣುವಂತೆ ಅಲ್ಲಿ ಕೂತಿತ್ತು. ಚಿತ್ರ ತೆಗೆಯಿರಿ ಅಂತ ಬೇಡಿಕೊಂಡರೆ, ಮೊದಲು ಶುಲ್ಕ ಕಟ್ಟಿ ಅಂದರು.

ಆ ರೋಗಿಗೆ ವಿಷಯ ಹೇಳಲೇಬೇಕಿತ್ತು. ಡ್ರೆಸಿಂಗ್‌ಗೆ ಬಂದಾಗ ಪಕ್ಕಕ್ಕೆ ಕೂರಿಸಿಕೊಂಡು ಹೇಳಿದೆ. ಫೋಟೋಗೆ ಒಪ್ಪಿಗೆ ಕೇಳಿದಾಗ "ತಗೊಳ್ಳಿ ಡಾಕ್ಟ್ರೆ, ನಮ್ಮಂಥೋರಿಗೆ ಉಪಯೋಗ ಆದ್ರೆ ಆಗ್ಲಿ" ಅಂದಿದ್ದ ಮನುಷ್ಯ. ಈಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಗಳಿಗೆ ಗಂಡು ನೋಡ್ತಾ ಇದೀವಿ ಡಾಕ್ಟ್ರೆ. ಕಾಲು ಹಿಂಗಾಗಿರೋದು ಅವರಿಗೆ ಇನ್ನೂ ಹೇಳಿಲ್ಲ" ಅಂದರು. ಬೈದಿದ್ದರೂ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ. ಕೊನೆಗೆ ನಮ್ಮ ಎಥಿಕ್ಸ್ ಕಮಿಟಿಯ ಪತ್ರ ಇಟ್ಟು, ಆ ವೆಬ್‌ಸೈಟಿಗೆ ಜಾಗ ಕೊಟ್ಟಿದ್ದ ಹೋಸ್ಟಿಂಗ್ ಕಂಪನಿಗೆ ದೂರು ಕೊಟ್ಟ ಮೇಲೆ ಚಿತ್ರ ಹೋಯಿತು. ಪೇಪರ್ ಇನ್ನೂ ಅಲ್ಲೇ ಇದೆ.

ಆಮೇಲೆ ಸರಿಪಡಿಸಿದ ಪ್ರತಿಯನ್ನು ಒಂದು ಒಳ್ಳೆ ಜರ್ನಲ್‌ಗೆ ಕಳಿಸಿದೆವು, ನಡೆದದ್ದನ್ನೆಲ್ಲ ಕವರ್ ಲೆಟರ್‌ನಲ್ಲಿ ಬರೆದೇ. ಅವರ ಸಾಫ್ಟ್‌ವೇರ್ ಹೋಲಿಕೆ ತೋರಿಸಿತು. ಸಂಪಾದಕರು ಮರುಕದಿಂದಲೇ ಉತ್ತರಿಸಿದರು: ಈಗಾಗಲೇ ಪ್ರಕಟವಾದದ್ದನ್ನು ಮತ್ತೆ ಪ್ರಕಟಿಸಲು ಆಗುವುದಿಲ್ಲ, ಅಲ್ಲಿಂದ ತೆಗೆಸಿ ಬನ್ನಿ. ಅಲ್ಲಿಂದ ತೆಗೆಯುವವರು ಯಾರು? ಇಂಥ ಜರ್ನಲ್‌ಗೆ ದುಡ್ಡು ಕೊಟ್ಟು ಪ್ರಕಟಿಸಿದ ಸಹೋದ್ಯೋಗಿಯೊಬ್ಬರಿಗೂ ನಷ್ಟವೇ ಆಯಿತು. ಪ್ರಮೋಷನ್ ಫೈಲಿನಲ್ಲಿ ಆ ಪೇಪರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನ್ಯಾಷನಲ್ ಮೆಡಿಕಲ್ ಕಮಿಷನ್‌ನ 2022ರ ನಿಯಮದಲ್ಲಿ ಮೆಡ್‌ಲೈನ್, ಪಬ್‌ಮೆಡ್ ಸೆಂಟ್ರಲ್, ಸ್ಕೋಪಸ್, ಡಿಒಎಜೆ ಥರದ ಇಂಡೆಕ್ಸ್‌ಗಳಲ್ಲಿ, ಅಂದರೆ ಜರ್ನಲ್ ಪಟ್ಟಿಗಳಲ್ಲಿ, ಇರುವುದಷ್ಟೇ ಲೆಕ್ಕಕ್ಕೆ ಅಂತ ಹೆಸರು ಹಾಕಿಯೇ ಹೇಳಿದ್ದರು. ವೆಬ್‌ಸೈಟಿನಲ್ಲಿ ಲೋಗೋ ಇದ್ದ ಮಾತ್ರಕ್ಕೆ ಜರ್ನಲ್ ಅದರಲ್ಲಿ ಇದೆ ಅಂತ ಅಲ್ಲ.

ಈಗ ನನಗೆ ಅನ್ನಿಸುವುದು ಇಷ್ಟು. ಲೇಖಕರಿಗೆ ಕಾಟ ಕೊಡುವ ಜರ್ನಲ್ಲೇ ಒಳ್ಳೆಯ ಜರ್ನಲ್. ಸರಿಯಾದ ಸರ್ಜರಿ ಜರ್ನಲ್ ಎಥಿಕ್ಸ್ ಕಮಿಟಿಯ ಅನುಮತಿ ನಂಬರ್ ಕೇಳುತ್ತದೆ. ಟ್ರಯಲ್ ಆಗಿದ್ದರೆ ನೋಂದಣಿ ನಂಬರ್ ಕೇಳುತ್ತದೆ. ಕೇಸ್ ರಿಪೋರ್ಟ್ ಆದರೆ ಸ್ಕೇರ್ ಚೆಕ್‌ಲಿಸ್ಟ್, ಕೇಸ್ ಸರಣಿಯಾದರೆ ಪ್ರೊಸೆಸ್ ಚೆಕ್‌ಲಿಸ್ಟ್, ರ್‍ಯಾಂಡಮೈಸ್ಡ್ ಟ್ರಯಲ್ ಆದರೆ ಕನ್ಸಾರ್ಟ್ ಚೆಕ್‌ಲಿಸ್ಟ್ ತುಂಬಿ ಕಳಿಸಿ ಅನ್ನುತ್ತದೆ. ಯಾವ ಲೇಖಕರು ಏನು ಕೆಲಸ ಮಾಡಿದರು ಅಂತ ಬರೆಯಿಸುತ್ತದೆ. ರೋಗಿಯ ಗುರುತು ಸಿಗುವಂತಿದ್ದರೆ ಪ್ರಕಟಣೆಗೇ ಬೇರೆ ಒಪ್ಪಿಗೆ ಪತ್ರ ಬೇಕು ಅನ್ನುತ್ತದೆ. ಆಪರೇಷನ್‌ಗೆ ಹಾಕಿಸಿಕೊಂಡ ಸಹಿ ಅದಕ್ಕೆ ನಡೆಯುವುದಿಲ್ಲ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದು ಅಂತ ಐಸಿಎಂಜೆಇ, ಅಂದರೆ ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಸ್ಪಷ್ಟವಾಗಿ ಹೇಳಿದೆ. ಇವೆಲ್ಲ ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಇವು ರೋಗಿಯನ್ನು ಕಾಯುವ ಬೇಲಿ. ನಮ್ಮನ್ನು ಹಿಡಿದ ಜರ್ನಲ್ ಇದರಲ್ಲಿ ಒಂದನ್ನೂ ಕೇಳಲಿಲ್ಲ.

ಕಳಿಸುವ ಮುಂಚೆ ಒಂದು ಗಂಟೆ ಕೂತು ನೋಡಿ. ಜರ್ನಲ್ ತನ್ನ ಬಗ್ಗೆ ಹೇಳಿಕೊಳ್ಳುವುದನ್ನು ಅದರ ವೆಬ್‌ಸೈಟಿನಲ್ಲಿ ನೋಡಬೇಡಿ, ಹೊರಗೆ ನೋಡಿ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ಕ್ಯಾಟಲಾಗ್‌ನಲ್ಲಿ ಹೆಸರು ಹಾಕಿದರೆ ಅದು ಈಗ ಮೆಡ್‌ಲೈನ್‌ನಲ್ಲಿ ಇದೆಯೋ ಇಲ್ಲವೋ ಅಂತ ಬರುತ್ತದೆ. ಪಬ್‌ಮೆಡ್‌ನಲ್ಲಿ ಒಂದೆರಡು ಪೇಪರ್ ಕಂಡರೆ ನಂಬಬೇಡಿ. ಅಮೆರಿಕ ಸರ್ಕಾರದ ಸಂಶೋಧನಾ ಹಣ ಪಡೆದ ಲೇಖಕರು ತಾವೇ ಸಲ್ಲಿಸಿದ ಪೇಪರ್‌ಗಳೂ ಅಲ್ಲಿ ಕಾಣುತ್ತವೆ. ಅದರಿಂದ ಜರ್ನಲ್ ಒಳ್ಳೆಯದು ಅಂತ ಆಗುವುದಿಲ್ಲ. ಸ್ಕೋಪಸ್‌ನ ಸೋರ್ಸ್ ಪಟ್ಟಿಯಲ್ಲಿ ಯಾವ ವರ್ಷದವರೆಗೆ ಇದೆ ಅಂತ ನೋಡಿ. ಎಷ್ಟೋ ಜರ್ನಲ್‌ಗಳನ್ನು ಮಧ್ಯದಲ್ಲಿ ಕೈಬಿಟ್ಟಿರುತ್ತಾರೆ, ಲೋಗೋ ಮಾತ್ರ ಹಾಗೇ ಇರುತ್ತದೆ. ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವುದು ಕ್ಲಾರಿವೇಟ್ ಕಂಪನಿ ಒಂದೇ, ಬೇರೆ ಹೆಸರಿನವೆಲ್ಲ ಜೊಳ್ಳು. ಐಎಸ್‌ಎಸ್‌ಎನ್ ಬರೀ ಒಂದು ನಂಬರು, ಗುಣಮಟ್ಟದ ಮುದ್ರೆ ಅಲ್ಲ. "ಯುಜಿಸಿ ಮಾನ್ಯತೆ" ಅಂತ ಈಗಲೂ ಬರೆದುಕೊಂಡಿದ್ದರೆ ಗಮನಿಸಿ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ತಾನು ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯನ್ನೇ 2025ರಲ್ಲಿ ನಿಲ್ಲಿಸಿದೆ. ಒಳ್ಳೆಯ ಜರ್ನಲ್ ಹೆಸರಿನಲ್ಲೇ ನಕಲಿ ವೆಬ್‌ಸೈಟ್ ಮಾಡುವವರೂ ಇದ್ದಾರೆ, ಹಾಗಾಗಿ ಮೇಲ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ಸಂಪಾದಕ ಮಂಡಳಿಯ ಒಬ್ಬರಿಗೆ ಅವರ ಯೂನಿವರ್ಸಿಟಿ ವಿಳಾಸಕ್ಕೆ ನೇರವಾಗಿ ಮೇಲ್ ಹಾಕಿ ಕೇಳಿ. ನಾವು ಕೇಳಿದಾಗ ಒಬ್ಬ ಪ್ರೊಫೆಸರ್, ತನ್ನ ಹೆಸರು ತೆಗೆಯಿರಿ ಅಂತ ತಾನೂ ಅವರ ಬೆನ್ನು ಬಿದ್ದಿದ್ದೇನೆ ಅಂದರು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಆ ಉತ್ತರ ಸಿಕ್ಕಾಗ ಪೇಪರ್ ಆನ್‌ಲೈನ್ ಆಗಿಹೋಗಿತ್ತು.

ಪ್ರಕಟಿಸಬೇಕಾದರೆ ದುಡ್ಡು ಕೊಡಲೇಬೇಕು ಅಂತ ಪಿಜಿಗಳು ನಂಬಿಕೊಂಡಿದ್ದಾರೆ. ಇದನ್ನು ಮೊದಲು ತಲೆಯಿಂದ ತೆಗೆಯಿರಿ. ಅಸೋಸಿಯೇಷನ್ ಆಫ್ ಸರ್ಜನ್ಸ್ ಆಫ್ ಇಂಡಿಯಾದ ಇಂಡಿಯನ್ ಜರ್ನಲ್ ಆಫ್ ಸರ್ಜರಿಯನ್ನು ಸ್ಪ್ರಿಂಗರ್ ಪ್ರಕಟಿಸುತ್ತದೆ. ಓಪನ್ ಆಕ್ಸೆಸ್ ಬೇಡ ಅಂದರೆ ಅಲ್ಲಿ ಲೇಖಕರು ಶುಲ್ಕ ಕಟ್ಟಬೇಕಿಲ್ಲ. ತಿಂಗಳುಗಟ್ಟಲೆ ಕಾಯಬೇಕು, ತಿರಸ್ಕಾರವೂ ಆಗಬಹುದು. ಆದರೆ ತಿರಸ್ಕಾರವಾದ ಪೇಪರ್ ನಿಮ್ಮದಾಗಿಯೇ ಉಳಿಯುತ್ತದೆ, ತಿದ್ದಿ ಇನ್ನೊಂದು ಕಡೆ ಕಳಿಸಬಹುದು, ಅಲ್ವಾ?

ಫೋಟೋಗಳ ವಿಷಯ ಮತ್ತೊಮ್ಮೆ ಹೇಳುತ್ತೇನೆ. ಕ್ರಾಪ್ ಮಾಡುವುದನ್ನು ವರ್ಡ್‌ನ ಹೊರಗೆ, ಫೋಟೋ ಫೈಲಿನಲ್ಲೇ ಮಾಡಿ ಹೊಸ ಪ್ರತಿ ಉಳಿಸಿ, ಅದನ್ನೇ ಸೇರಿಸಿ. ಸಿಟಿ, ಎಕ್ಸ್‌ರೇ ಫಿಲ್ಮಿನ ಮೂಲೆಯಲ್ಲಿ ಹೆಸರು, ವಯಸ್ಸು, ಸ್ಕ್ಯಾನ್ ಸೆಂಟರ್ ಇರುತ್ತವೆ, ಅದನ್ನೂ ನೋಡಿ.

ಈಗಾಗಲೇ ಇಂಥ ಕಡೆ ಕಳಿಸಿ ಕೂತಿದ್ದೀರಾ? ದುಡ್ಡು ಕಟ್ಟಬೇಡಿ, ಕಾಪಿರೈಟ್ ಫಾರ್ಮಿಗೆ ಸಹಿ ಹಾಕಬೇಡಿ. ಹಿಂತೆಗೆದುಕೊಂಡಿದ್ದೇವೆ ಅಂತ ಇವತ್ತೇ ಮೇಲ್ ಹಾಕಿ, ಎಲ್ಲ ಸಹಲೇಖಕರಿಗೂ ಅದರ ಪ್ರತಿ ಹೋಗಲಿ. ಬಂದ ಮೇಲ್, ಬಿಲ್ಲು, ರಿವ್ಯೂ ಫಾರ್ಮ್ ಎಲ್ಲ ಇಟ್ಟುಕೊಳ್ಳಿ. ಕಾಲೇಜಿನ ಎಥಿಕ್ಸ್ ಕಮಿಟಿಗೆ ಮುಚ್ಚಿಡದೆ ತಿಳಿಸಿ. ನಮಗೆ ಕೊನೆಗೆ ಕೈ ಹಿಡಿದದ್ದು ಅವರ ಪತ್ರವೇ. ದುಡ್ಡು ಹೋಗಿಬಿಟ್ಟಿದ್ದರೆ 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಡಿ, ತಡ ಮಾಡಿದಷ್ಟೂ ವಾಪಸ್ ಸಿಗುವುದು ಕಷ್ಟ. ಹೆದರಿಸುವ ಮೇಲ್‌ಗಳು ಬರುತ್ತವೆ, ಲಾಯರ್ ನೋಟಿಸ್ ಅನ್ನುತ್ತಾರೆ. ನಮಗೂ ಬಂದವು. ಅವುಗಳ ಹಿಂದೆ ಯಾವ ಲಾಯರೂ ಬರಲಿಲ್ಲ.