ವೀವ್ ಪೋಲ್ ಕಲಿಸೋಕೆ ಚಾನೆಲ್ಲಾ, ವೈರಾ, ಟೂ ಬೈ ಟೂನಾ?

ವೀವ್ ಪೋಲ್ ಅಂದರೆ ನಾಯಿ ಬಳುಕುತ್ತಾ ದಾಟಬೇಕಾದ ಸಾಲುಕಂಬಗಳು. ಅದನ್ನು ಕಲಿಸಲು ಚಾನೆಲ್, ಗೈಡ್ ವೈರ್, ಟೂ ಬೈ ಟೂ ಅನ್ನುವ ಮೂರು ವಿಧಾನ ಮಾಡಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟೂ ಬೈ ಟೂಗೆ. ಖಾಲಿ ಸೈಟಿನಲ್ಲಿ, ಆಫೀಸಿಗೆ ಹೊರಡುವ ಮುಂಚೆ, ಒಬ್ಬರೇ ನಾಯಿಗೆ ಅಜಿಲಿಟಿ (ಅಡೆತಡೆಗಳನ್ನು ದಾಟಿ ಓಡುವ ಆಟ) ಕಲಿಸುವವರಿಗೆ ಇದಕ್ಕಿಂತ ಒಳ್ಳೆ ದಾರಿ ನನಗೆ ಸಿಕ್ಕಿಲ್ಲ. ಚಾನೆಲ್‌ಗೆ ಅಂತ ದುಡ್ಡು ಕೊಟ್ಟು ಸೆಟ್ ತರಿಸಿದ್ದೆ. ಗೈಡ್ ವೈರನ್ನು ಗೆಳತಿಯಿಂದ ತಂದು ನೋಡಿದೆ. ಕೊನೆಗೆ ನಮ್ಮ ಚಿನ್ನಿ ಹನ್ನೆರಡೂ ಕಂಬ ಕಲಿತದ್ದು ಟೂ ಬೈ ಟೂನಲ್ಲೇ.

ಚಿನ್ನಿ ಬೆಂಗಳೂರಿನ ಬೀದಿಯಲ್ಲಿ ಹುಟ್ಟಿದ ಇಂಡಿ, ಅಂದರೆ ನಾಟಿ ನಾಯಿ. ಜಂಪ್, ಟನಲ್, ಎ ಫ್ರೇಮ್ ಎಲ್ಲ ಅವಳಿಗೆ ಬೇಗ ಬಂತು. ಹಾರುವುದು, ನುಗ್ಗುವುದು, ಹತ್ತುವುದು ನಾಯಿಗೆ ಹೇಗೂ ಗೊತ್ತು. ಆದರೆ ಸಾಲುಕಂಬಗಳ ನಡುವೆ ಎಡಕ್ಕೆ ಬಲಕ್ಕೆ ಬಳುಕುತ್ತಾ ಓಡುವುದು ಯಾವ ನಾಯಿಗೂ ತಾನಾಗಿ ಬರುವುದಿಲ್ಲ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಎಫ್‌ಸಿಐ ನಿಯಮದಲ್ಲಿ 12 ಕಂಬ, ಒಂದರಿಂದ ಒಂದಕ್ಕೆ 60 ಸೆಂ.ಮೀ. ಮೊದಲ ಕಂಬ ಯಾವಾಗಲೂ ನಾಯಿಯ ಎಡಕ್ಕೆ ಇರಬೇಕು. ತಪ್ಪಾಗಿ ಒಳಗೆ ಹೋದರೆ ರಿಫ್ಯೂಸಲ್, ಅಂದರೆ 5 ಫಾಲ್ಟ್ (ದಂಡದ ಅಂಕ). ಇಡೀ ಕೋರ್ಸಿನಲ್ಲಿ, ಅಂದರೆ ಓಟದ ಹಾದಿಯಲ್ಲಿ, ಮೂರು ರಿಫ್ಯೂಸಲ್ ಆದರೆ ಎಲಿಮಿನೇಷನ್. ಹಾಗಾಗಿ ಬಳುಕುವ ಚಂದಕ್ಕಿಂತ ಮುಂಚೆ ಎಂಟ್ರಿ ಸರಿ ಇರಬೇಕು, ಅಲ್ವಾ? ನಾನು ಮೂರೂ ವಿಧಾನಗಳಲ್ಲಿ ಮುಖ್ಯವಾಗಿ ನೋಡಿದ್ದು ಇದನ್ನೇ.

ಚಾನೆಲ್ ವಿಧಾನದಲ್ಲಿ ಕಂಬಗಳನ್ನು ಆರಾರರಂತೆ ಎರಡು ಸಾಲಾಗಿ ನಿಲ್ಲಿಸುತ್ತಾರೆ. ನಾಯಿ ಮಧ್ಯದ ಓಣಿಯಲ್ಲಿ ನೇರವಾಗಿ ಓಡುತ್ತದೆ. ಆಮೇಲೆ ಸ್ವಲ್ಪ ಸ್ವಲ್ಪವೇ ಓಣಿ ಕಿರಿದು ಮಾಡುತ್ತಾ ಕೊನೆಗೆ ಎರಡೂ ಸಾಲು ಒಂದಾಗಬೇಕು. ಇದರ ದೊಡ್ಡ ಗುಣ ವೇಗ. ಮೊದಲ ದಿನವೇ ನಾಯಿ ಖುಷಿಯಾಗಿ ಓಡುತ್ತದೆ. ಹೆದರುವ ನಾಯಿಗೂ ಇದು ಸುಲಭ.

ನನಗೆ ಕಾಟ ಕೊಟ್ಟಿದ್ದು ಆ ಕಿರಿದು ಮಾಡುವ ಕೆಲಸ. ಆನ್‌ಲೈನ್‌ನಲ್ಲಿ ಬಂದ ಸೆಟ್ಟಿನ ಕಂಬಗಳಿಗೆ ಕೆಳಗೆ ಚೂಪು ಮೊಳೆ ಇತ್ತು. ನೆಲಕ್ಕೆ ಚುಚ್ಚಿ ನಿಲ್ಲಿಸಬೇಕು. ಮೆತ್ತನೆಯ ಹುಲ್ಲಿನ ಮೈದಾನಕ್ಕೆ ಅದು ಸರಿ. ಮಾರ್ಚ್ ತಿಂಗಳ ನಮ್ಮ ಕೆಂಪು ಮಣ್ಣಿಗೆ ಸುತ್ತಿಗೆಯಲ್ಲಿ ಹೊಡೆದರೂ ಇಳಿಯುವುದಿಲ್ಲ. ಹಿಂದಿನ ರಾತ್ರಿ ನೀರು ಹಾಕಿ ನೆನೆಸಬೇಕು, ಬೆಳಿಗ್ಗೆ ಹಾರೆಯಲ್ಲಿ ತೂತು ಮಾಡಬೇಕು. ಅಷ್ಟೆಲ್ಲ ಮಾಡಿ ಚಿನ್ನಿ ಚೆನ್ನಾಗಿ ಓಡಿದಳು ಅನ್ನಿ. ಮರುದಿನ ಓಣಿ ಒಂದಿಂಚು ಕಿರಿದಾಗಬೇಕು. ಅದಕ್ಕೆ ಕಂಬಗಳನ್ನೆಲ್ಲ ಕಿತ್ತು ಮತ್ತೆ ಹೊಡೆಯಬೇಕು. ಹೊಸ ತೂತು ಹಳೆ ತೂತಿಗೆ ಅಂಟಿಕೊಂಡೇ ಬರುವುದರಿಂದ ಕಂಬ ಮತ್ತೆ ಹಳೆ ಜಾಗಕ್ಕೇ ಜಾರುತ್ತದೆ.

ಇದು ಬರೀ ನಮ್ಮ ಬೆನ್ನುನೋವಿನ ಮಾತಾಗಿದ್ದರೆ ಸಹಿಸಬಹುದಿತ್ತು. ಒಂದು ಕಡೆ ಓಣಿ ಕಿರಿದು, ಇನ್ನೊಂದು ಕಡೆ ಅಗಲ ಆಗಿಬಿಟ್ಟರೆ ನಾಯಿ ಅಗಲ ಇರುವ ಸಂದನ್ನು ತಕ್ಷಣ ಕಂಡುಹಿಡಿಯುತ್ತದೆ. ಚಿನ್ನಿ ದಿನಾ ಅದೇ ಸಂದಿನಿಂದ ಹೊರಗೆ ಬರುತ್ತಿದ್ದಳು. ಅವಳ ಕಡೆಯಿಂದ ನೋಡಿದರೆ ಅದು ಸರಿಯೇ. ಮಳೆ ಶುರುವಾದ ಮೇಲೆ ತೊಂದರೆ ಉಲ್ಟಾ ಆಯಿತು. ಮಣ್ಣು ಸಡಿಲ. ಭುಜ ತಾಗಿದರೆ ಸಾಕು, ಕಂಬ ವಾಲಿ ಬೀಳುತ್ತಿತ್ತು. ಪಕ್ಕದಲ್ಲಿ ಕಂಬ ಬಿದ್ದರೆ ನಾಯಿ ಬೆಚ್ಚುತ್ತದೆ. ಚಾನೆಲ್‌ನಲ್ಲಿ ಸಿಕ್ಕಿದ್ದ ವೇಗವೂ ಅಲ್ಲಿಗೆ ಹೋಯಿತು.

ಒಳ್ಳೆಯ ಕಬ್ಬಿಣದ ಬೇಸ್ ಇದ್ದರೆ, ಎರಡೂ ಸಾಲನ್ನು ಒಟ್ಟಿಗೆ ಸರಿಸುವಂತಿದ್ದರೆ, ಈ ರಗಳೆ ಇಲ್ಲ. ಅಂಥದ್ದರ ಮೇಲೂ ಚಿನ್ನಿಯನ್ನು ಓಡಿಸಿ ನೋಡಿದ್ದೇನೆ. ಆಗ ಉಳಿಯುವ ತೊಡಕು ಕೊನೆಯ ಎರಡು ಇಂಚಿನದ್ದು. ಓಣಿ ತೆರೆದಿರುವಷ್ಟು ದಿನ ನಾಯಿ ನೇರ ಓಡುವುದನ್ನೇ ಅಭ್ಯಾಸ ಮಾಡುತ್ತದೆ. ಓಣಿ ಮುಚ್ಚುವ ಹೊತ್ತಿಗೆ ದಿಢೀರನೆ ಬೆನ್ನು ಬಗ್ಗಿಸಬೇಕು, ಕಾಲಿನ ಲಯ ಬದಲಿಸಬೇಕು. ಜೊತೆಗೆ ಎಂಟ್ರಿಯ ವಿಚಾರವೂ ಇದೆ. ಓಣಿಯ ಬಾಯಿ ತೆರೆದೇ ಇರುವಾಗ ಎಲ್ಲಿಂದ ನುಗ್ಗಬೇಕು ಅಂತ ನಾಯಿ ಯೋಚಿಸಬೇಕಾಗಿಯೇ ಇಲ್ಲ. ಪಕ್ಕದ ಕೋನದಿಂದ ಕಳಿಸಿದರೆ ಚಿನ್ನಿ ಮೊದಲ ಸಂದು ಬಿಟ್ಟು ಎರಡನೆಯದಕ್ಕೆ ಹೋಗುತ್ತಿದ್ದಳು. ಸ್ಪರ್ಧೆಯಲ್ಲಿ ಅದೇ ರಿಫ್ಯೂಸಲ್.

ಗೈಡ್ ವೈರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಂಬದಿಂದ ಕಂಬಕ್ಕೆ ವೈರ್ ಕಟ್ಟಿ ನಾಯಿ ಹೊರಗೆ ಹೋಗದಂತೆ ತಡೆಯುವುದು. ನೋಡಲು ಬೇಗ ಕಲಿತಂತೆ ಕಾಣುತ್ತದೆ. ವೈರ್ ತೆಗೆದರೆ ಕಲಿತದ್ದೂ ಹೋಗುತ್ತದೆ. ಚಿನ್ನಿ ಒಮ್ಮೆ ವೈರ್ ಮೇಲಿಂದ ಹಾರಲು ಹೋಗಿ ಹಿಂಗಾಲು ಸಿಕ್ಕಿಸಿಕೊಂಡಳು. ಅವತ್ತೇ ಬಿಚ್ಚಿ ವಾಪಸ್ ಕೊಟ್ಟೆ.

ಈಗ ಟೂ ಬೈ ಟೂ. ಕೆನಡಾದ ಟ್ರೇನರ್ ಸೂಸನ್ ಗ್ಯಾರೆಟ್ ಜನಪ್ರಿಯ ಮಾಡಿದ ವಿಧಾನ ಇದು. ಶುರುವಿಗೆ ಎರಡೇ ಕಂಬ, ಬಾಗಿಲಿನ ಹಾಗೆ. ನಾಯಿ ಅದರ ನಡುವೆ ದಾಟಿದ ಕ್ಷಣ ಬಹುಮಾನ ಅದರ ಮುಂದೆ, ಅದೇ ಗೆರೆಯಲ್ಲಿ ಬೀಳಬೇಕು. ಆಮೇಲೆ ಆ ಜೋಡಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಸಾಲಿಗೆ ತರುವುದು. ಮುಂದೆ ನಾಲ್ಕೈದು ಮೀಟರ್ ದೂರದಲ್ಲಿ ಇನ್ನೊಂದು ಜೋಡಿ ಇಟ್ಟು, ಅದನ್ನು ಹತ್ತಿರ ಎಳೆಯುವುದು. ನಾಲ್ಕಾದ ಮೇಲೆ ಆರು, ಆಮೇಲೆ ಹನ್ನೆರಡು. ಪ್ರತಿ ಹಂತದಲ್ಲೂ ಎಡದಿಂದ, ಬಲದಿಂದ, ಓರೆಯಿಂದ ಕಳಿಸುತ್ತೀರಿ. ಅಂದರೆ ನಾಯಿ ಮೊದಲು ಕಲಿಯುವುದೇ ಎಂಟ್ರಿ. ಇದೇ ಕಾರಣಕ್ಕೆ ಈ ವಿಧಾನ ನನಗೆ ಅಷ್ಟು ಇಷ್ಟ. ಟನಲ್‌ನಿಂದ ರಭಸವಾಗಿ ಹೊರಬಂದು, ವಾರೆಯಾಗಿ ತಿರುಗಿ, ಮೊದಲ ಕಂಬವನ್ನು ಎಡಭುಜಕ್ಕೆ ಸರಿಯಾಗಿ ತಂದುಕೊಂಡು ಚಿನ್ನಿ ಒಳನುಗ್ಗುವುದನ್ನು ನೋಡಬೇಕು ನೀವು!

ಇದರಲ್ಲೂ ಕಷ್ಟ ಇದೆ. ಬಹುಮಾನ ಎಸೆಯುವುದು ಅರೆಕ್ಷಣ ತಡವಾದರೂ ನಾಯಿ ತಿರುಗಿ ನಿಮ್ಮ ಕೈ ನೋಡುತ್ತದೆ. ಚೆಂಡಿನ ಹುಚ್ಚಿರುವ ನಾಯಿಗೆ ಸುಲಭ. ಚಿನ್ನಿಗೆ ಚೆಂಡು ಬೇಡ, ಚಿಕನ್ ಬೇಕು. ತುಂಡು ಎಸೆದರೆ ಮಣ್ಣಿನಲ್ಲಿ ಮೂಸುತ್ತಾ ನಿಂತುಬಿಡುತ್ತಾಳೆ. ಜಿಪ್ ಇರುವ ಪುಟ್ಟ ಪೌಚ್‌ನಲ್ಲಿ ಚಿಕನ್ ತುಂಬಿ ಎಸೆಯತೊಡಗಿದ ಮೇಲೆ ಸರಿಹೋಯಿತು. ಅವಳು ಪೌಚ್ ಹತ್ತಿರ ಓಡುತ್ತಾಳೆ, ನಾನು ಹೋಗಿ ಜಿಪ್ ತೆಗೆಯುತ್ತೇನೆ.

ಜಾಗದ ಲೆಕ್ಕವನ್ನೂ ನೋಡಿ. ಹನ್ನೆರಡು ಕಂಬದ ಸಾಲು 6.6 ಮೀಟರ್. ಮೂವತ್ತು ನಲವತ್ತರ ಸೈಟಿನ ಉದ್ದ ಸುಮಾರು 12 ಮೀಟರ್. ಓಡಿಬರಲು, ಆಚೆ ನಿಲ್ಲಲು ಉಳಿಯುವುದು ಕಡಿಮೆಯೇ. ಆರು ಕಂಬ ಮೂರೇ ಮೀಟರ್, ಆರಾಮಾಗಿ ಹಿಡಿಯುತ್ತದೆ. ಹನ್ನೆರಡಕ್ಕೆ ವಾರಕ್ಕೊಮ್ಮೆ ಮೈದಾನಕ್ಕೆ ಹೋದರೆ ಸಾಕು.

ಬಣ್ಣ: ನಾಯಿಗೆ ಕೆಂಪು ಮತ್ತು ಹಸಿರಿನ ನಡುವೆ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ, ನೀಲಿ ಬಿಳಿ ಟೇಪ್ ಸುತ್ತಿ.

ವಯಸ್ಸು: ಎಫ್‌ಸಿಐ ಸ್ಪರ್ಧೆಗೆ 18 ತಿಂಗಳು ತುಂಬಿರಬೇಕು. ಮೂಳೆ ಬಲಿಯುವ ಮುಂಚೆ ಮರಿಯನ್ನು ಪೂರ್ತಿ ಸಾಲಿನಲ್ಲಿ ಬಳುಕಿಸಲೇಬೇಡಿ, ಯಾವ ವಿಧಾನವಾದರೂ ಸರಿ.

ಸ್ವಂತ ಜಾಗ, ಸರಿಯುವ ಕಬ್ಬಿಣದ ಬೇಸ್, ಸಹಾಯಕ್ಕೆ ಇನ್ನೊಬ್ಬರು, ಅಂಜುವ ಸ್ವಭಾವದ ನಾಯಿ ಇವೆಲ್ಲ ಇದ್ದವರು ಚಾನೆಲ್ ಮಾಡಿ, ಬೇಡ ಅನ್ನುವುದಿಲ್ಲ. ನನಗಿರುವುದು ಬೆಳಗಿನ ಸ್ವಲ್ಪ ಹೊತ್ತು, ಯಾವಾಗ ಪಾಯ ತೋಡುತ್ತಾರೋ ಗೊತ್ತಿಲ್ಲದ ಬೇರೆಯವರ ಸೈಟು. ಅದಕ್ಕೆ ಎತ್ತಿ ಮನೆಗೆ ಒಯ್ಯುವ ಸಾಮಾನೇ ಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಪಟ್ಟಿಗೆ ಎರಡೆರಡು ಗೂಟ ಕೂರಿಸಿದ ಮೂರು ಬೇಸ್, ಮೇಲೆ 32 ಎಂಎಂ ಪಿವಿಸಿ ಪೈಪ್. ಮೂರು ಸಾವಿರದೊಳಗೆ ಮುಗಿಯಿತು. ಮೊದಲು ಎರಡೇ ಬೇಸ್ ಮಾಡಿಸಿ, ನಾಲ್ಕು ಕಂಬ ಚೆನ್ನಾಗಿ ಬಂದ ಮೇಲೆ ಮೂರನೆಯದು. ಪಟ್ಟಿ ತೆಳ್ಳಗಿರಲಿ, ವಾಲದಂತೆ ಎರಡೂ ತುದಿಗೆ ಅಡ್ಡಪಟ್ಟಿ ಇರಲಿ. ಅಂಚುಗಳನ್ನು ಮಾತ್ರ ಮರೆಯದೆ ಗ್ರೈಂಡ್ ಮಾಡಿಸಿಕೊಳ್ಳಿ, ನಾಯಿ ಕಾಲು ಬೀಳುವುದು ಅದರ ಮೇಲೆಯೇ.