ಗ್ರೀನ್ ಬುಕ್ ನೋಡಲೇ, ಡ್ರೈವಿಂಗ್ ಮಿಸ್ ಡೈಸಿ ನೋಡಲೇ?

ಎರಡೂ ಕಾರಿನೊಳಗೆ ಕಪ್ಪು–ಬಿಳಿ ಜನರ ನಡುವೆ ಬೆಳೆಯುವ ಸ್ನೇಹದ ಕಥೆ. ಎರಡಕ್ಕೂ ಅತ್ಯುತ್ತಮ ಚಿತ್ರದ ಆಸ್ಕರ್ ಬಂದಿದೆ. ತಕರಾರೂ ಒಂದೇ: ಬಿಳಿಯರ ಮನಸ್ಸಿಗೆ ಸಮಾಧಾನ ಕೊಡುವ ಕಥೆ ಎಂಬುದು. ಆದರೂ ನೋಡುವ ಅನುಭವ ಬೇರೆಯೇ.

‘ಗ್ರೀನ್ ಬುಕ್’ (2018, 130 ನಿಮಿಷ) 1962ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಹೊರಟ ಸಂಗೀತ ಪ್ರವಾಸ. ಹಿಂದಿನ ಸೀಟಿನಲ್ಲಿ ಕಪ್ಪು ಪಿಯಾನೋ ವಾದಕ ಡಾನ್ ಶರ್ಲಿ, ಸ್ಟೀರಿಂಗ್ ಹಿಡಿದವನು ಇಟಾಲಿಯನ್ ಮೂಲದ ಟೋನಿ. ನಗು ಹೆಚ್ಚು, ಓಟ ಚುರುಕು; ಟೊರಾಂಟೊ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಗೆದ್ದದ್ದು ಸುಮ್ಮನೆ ಅಲ್ಲ. ಸಿಟ್ಟಾದವರಿಗೂ ಕಾರಣವಿತ್ತು. ಚಿತ್ರಕಥೆ ಬರೆದವರಲ್ಲಿ ಟೋನಿಯ ಮಗನೂ ಒಬ್ಬ. ಶರ್ಲಿಯ ಬಂಧುಗಳು ಈ ಚಿತ್ರಣವನ್ನು ಒಪ್ಪಲಿಲ್ಲ. ಜೀವನಚರಿತ್ರೆ ಎಂದುಕೊಂಡು ಕೂತರೆ ಎಡವುತ್ತೀರಿ.

‘ಡ್ರೈವಿಂಗ್ ಮಿಸ್ ಡೈಸಿ’ (1989, 99 ನಿಮಿಷ) ಅಟ್ಲಾಂಟಾದಲ್ಲಿ 1948ರಿಂದ ಸುಮಾರು 25 ವರ್ಷ ಸಾಗುತ್ತದೆ. ನಿಧಾನ. ಹಿಂದಿನ ಸೀಟಿನಲ್ಲಿ ಬಿಳಿಯ ವೃದ್ಧೆ ಡೈಸಿ, ಸ್ಟೀರಿಂಗ್ ಹಿಡಿದವನು ಕಪ್ಪು ಚಾಲಕ ಹೋಕ್. ಹೋಕ್ ತೀರಾ ತಗ್ಗಿ ನಡೆಯುತ್ತಾನೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಮಾರ್ಟಿನ್ ಲೂಥರ್ ಕಿಂಗ್ ಭಾಷಣದ ದೃಶ್ಯ ನೋಡಿ: ಸಭಾಂಗಣದೊಳಗೆ ಡೈಸಿಯ ಪಕ್ಕದ ಕುರ್ಚಿ ಖಾಲಿ, ಹೊರಗೆ ಕಾರಿನ ರೇಡಿಯೊದಲ್ಲಿ ಹೋಕ್ ಅದೇ ಭಾಷಣ ಕೇಳುತ್ತಿದ್ದಾನೆ. ಡೈಸಿ ತನ್ನನ್ನು ಮೊದಲೇ, ಸರಿಯಾಗಿ ಕರೆಯದಿದ್ದುದು ಅವನಿಗೆ ನೋವು. ಇಂಥ ಕಹಿಯನ್ನು ‘ಗ್ರೀನ್ ಬುಕ್’ ಹಾಗೇ ಉಳಿಸುವುದಿಲ್ಲ. ಕೊನೆಗೆ ಎಲ್ಲವನ್ನೂ ಸಿಹಿ ಮಾಡುತ್ತದೆ.

ಜೊತೆಗೆ ಚಿಕ್ಕ ಮಕ್ಕಳಿದ್ದರೆ ಡೈಸಿಯೇ ವಾಸಿ; ‘ಗ್ರೀನ್ ಬುಕ್’ನಲ್ಲಿ ಬೈಗುಳ, ಹೊಡೆದಾಟ ಇವೆ. ದಣಿದ ಸಂಜೆಗೆ ‘ಗ್ರೀನ್ ಬುಕ್’ ಹಾಕಿ. ನೋಡಿದ ಮೇಲೆ ಕೂತು ಮಾತಾಡಬೇಕೆಂದಿದ್ದರೆ ಡೈಸಿ.